ಬೀಟೆ ಮೇಲಿನ ಅಂಟು ವಾರ್ನಿಷ್‌ಗೆ ಮೇಣ ತೆಗೆದ ಶೆಲ್ಯಾಕ್

ಬೀಟೆ ಮರಕ್ಕೆ ಎಣ್ಣೆ ವಾರ್ನಿಷ್ ಹೊಡೆದು 15 ದಿನ ಕಳೆದರೂ ಬೆರಳಿಟ್ಟರೆ ಅಂಟುತ್ತಿದೆಯೆ? ಅದರ ಮೇಲೆ ಇನ್ನೊಂದು ಕೋಟ್ ಹೊಡೆಯಬೇಡಿ. ಈ ಕಾಯಿಲೆಗೆ ನಾವು ಧೈರ್ಯವಾಗಿ ಹೇಳುವ ಮದ್ದು ಮೇಣ ತೆಗೆದ ಶೆಲ್ಯಾಕ್ ಚಕ್ಕೆ, ಅಂದರೆ ಅರಗಿನ ಚಕ್ಕೆ. ಅಂಗಡಿಯಲ್ಲಿ ಡೀವ್ಯಾಕ್ಸ್ಡ್ ಎಂದೇ ಕೇಳಿ. ಸಾಮಾನ್ಯ ಅರಗಿನ ಚಕ್ಕೆಗಿಂತ ಬೆಲೆ ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ವಾರ್ನಿಷ್ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ಬೀಟೆಯೊಳಗಿನ ಸತ್ವಗಳು ಆ ಕ್ರಿಯೆಯನ್ನೇ ತಡೆಯುತ್ತವೆ. ತೇಗಕ್ಕೂ ಸ್ವಲ್ಪ ಈ ಗುಣವಿದೆ. ಶೆಲ್ಯಾಕ್‌ಗೆ ಆಮ್ಲಜನಕದ ಹಂಗಿಲ್ಲ, ಅದನ್ನು ಕರಗಿಸಿದ ಸ್ಪಿರಿಟ್ (ಆಲ್ಕೋಹಾಲ್) ಆರಿದರೆ ಸಾಕು. ಒಮ್ಮೆ ಒಣಗಿತೆಂದರೆ ಮರದ ಸತ್ವ ಮೇಲಿನ ವಾರ್ನಿಷ್‌ಗೆ ತಲುಪದಂತೆ ನೋಡಿಕೊಳ್ಳುತ್ತದೆ.

ಮಳೆಗಾಲದ ಥಂಡಿ ಅಥವಾ ದಪ್ಪ ಕೋಟ್‌ನಿಂದಲೂ ಅಂಟು ಉಳಿಯಬಹುದು. ಆದ್ದರಿಂದ ಮೊದಲು ಬೆಚ್ಚಗಿನ ಕೋಣೆಯಲ್ಲಿ ಫ್ಯಾನ್ ಹಾಕಿ ಒಂದು ವಾರ ನೋಡಿ. ಆಮೇಲೂ ಉಗುರು ಇಳಿದರೆ ಪೂರ್ತಿ ತೆಗೆಯಲೇಬೇಕು. ಮೆತ್ತಗಿನ ಪದರದ ಮೇಲೆ ಶೆಲ್ಯಾಕ್ ಹೊಡೆದರೆ ಬಿರುಕು ಬಿಡುತ್ತದೆ. ಉಜ್ಜುಕಾಗದ ಹಿಡಿದರೆ ಕ್ಷಣದಲ್ಲಿ ಅಂಟು ಮೆತ್ತಿ ಹಾಳಾಗುತ್ತದೆ, ಹಾಗಾಗಿ ಸ್ಕ್ರೇಪರ್‌ನಿಂದ ಕೆರೆಯಿರಿ. ಉಳಿದದ್ದನ್ನು ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಪಾಲಿಶ್ ತೆಳುಮಾಡುವ ದ್ರಾವಕ) ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ನೇರಳೆ ಬಣ್ಣ ಹತ್ತಿದರೆ ಹೆದರಬೇಡಿ, ಅದು ಬೀಟೆಯದೇ ಬಣ್ಣ. ಅಂಟು ಹತ್ತುವುದು ನಿಲ್ಲುವ ತನಕ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಒಣಗಿದ ಮೇಲೆ 220 ನಂಬರ್ ಕಾಗದದಿಂದ ಉಜ್ಜಿ.

ಅರ್ಧ ಲೀಟರ್ ಸ್ಪಿರಿಟ್‌ಗೆ 60 ಗ್ರಾಂ ಚಕ್ಕೆ. ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಯಲಿ, ಆಗಾಗ ಕುಲುಕಿ, ಬಟ್ಟೆಯಲ್ಲಿ ಸೋಸಿ. ಮೇಣ ನಿಜವಾಗಿ ತೆಗೆದಿದ್ದರೆ ದ್ರಾವಣ ಚಹಾ ಡಿಕಾಕ್ಷನ್‌ನಂತೆ ತಿಳಿಯಾಗಿರುತ್ತದೆ. ಮಸುಕಾಗಿದ್ದು ತಳದಲ್ಲಿ ಬಿಳಿ ಗಷ್ಟು ಕೂತರೆ ಮೇಣವಿದೆ ಎಂದರ್ಥ. ಆ ಮೇಣದ ಮೇಲೆ ಪಾಲಿಯುರೆಥೇನ್ ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ. ಎಷ್ಟು ನೆನೆಸಿದರೂ ಕರಗದೆ ಲೋಳೆಯಾಗಿ ಉಳಿಯುವ ಚಕ್ಕೆ ಹಳತು, ಎಸೆಯಿರಿ.

ತೆಳುವಾಗಿ ಎರಡು ಕೋಟ್ ಸಾಕು, ನಡುವೆ ಒಂದು ಗಂಟೆ ಬಿಟ್ಟು 320 ನಂಬರ್ ಕಾಗದವನ್ನು ಹಗುರವಾಗಿ ಆಡಿಸಿ. ಮೈಸೂರು ಶೈಲಿಯ ಇನ್‌ಲೇ (ಮರದಲ್ಲಿ ಬೇರೆ ಬಣ್ಣದ ಮರದ ತುಣುಕು ಕೂರಿಸುವ) ಕೆಲಸವಿದ್ದರೆ ಮಾತ್ರ ತುಂಬ ಎಚ್ಚರ ಬೇಕು: ಸ್ಪಿರಿಟ್ ತಗುಲಿದರೆ ಬೀಟೆಯ ಬಣ್ಣ ಬಿಟ್ಟು ಪಕ್ಕದ ಬಿಳಿ ಮರಕ್ಕೆ ಹರಿಯುತ್ತದೆ. ಅಲ್ಲಿ ಬ್ರಷ್ ಬೇಡ, ಮೊದಲ ಕೋಟನ್ನು ಹನಿ ನಿಲ್ಲದಷ್ಟು ತೆಳುವಾಗಿ ಸ್ಪ್ರೇ ಮಾಡಿ. ಚಕ್ಕೆಯೂ ಬ್ಲಾಂಡ್ (ತಿಳಿ ಹೊಂಬಣ್ಣ) ಬಣ್ಣದ್ದೇ ಇರಲಿ, ಕಿತ್ತಳೆಯದು ಬಿಳಿ ಭಾಗವನ್ನು ಹಳದಿ ಮಾಡುತ್ತದೆ. ಥಂಡಿ ಹವೆಯಲ್ಲಿ ಬಿಳಿ ಮಂಜು ಕವಿದರೆ, ಮಧ್ಯಾಹ್ನದ ಬಿಸಿಲಿನ ಹೊತ್ತು ನೋಡಿ ಸ್ಪಿರಿಟ್ ಪಸೆಯ ಬಟ್ಟೆಯನ್ನು ಮೆಲ್ಲಗೆ ಒಮ್ಮೆ ಸವರಿ. ಒಂದು ರಾತ್ರಿ ಬಿಟ್ಟು ವಾರ್ನಿಷ್ ಹೊಡೆಯಿರಿ.

ಕಲಸಿದ್ದೇ ಸಿಗುವ ಶೆಲ್ಯಾಕ್ ಡಬ್ಬಿ ಕೊಳ್ಳುವವರು ತಯಾರಿಕೆಯ ದಿನಾಂಕ ನೋಡಲೇಬೇಕು. ಹಳೆಯ ದ್ರಾವಣ ತಾನೇ ಗಟ್ಟಿಯಾಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಸವರಿ, ಮರುದಿನವೂ ಉಗುರಿಗೆ ಮೆತ್ತಗಿದ್ದರೆ ಮರಕ್ಕೆ ಹಚ್ಚಬೇಡಿ. ಚಕ್ಕೆಯನ್ನೂ ಬೇಕಾದಷ್ಟೇ ಕೊಂಡು ತಣ್ಣನೆಯ ಜಾಗದಲ್ಲಿಡಿ.

ಊಟದ ಮೇಜಿಗೆ ಶೆಲ್ಯಾಕನ್ನೇ ಕೊನೆಯ ಕೋಟ್ ಮಾಡಬೇಡಿ, ಬಿಸಿ ಪಾತ್ರೆಗೂ ಸ್ಯಾನಿಟೈಸರ್‌ಗೂ ತಡೆಯುವುದಿಲ್ಲ. ಹಾರ್ಡ್‌ನರ್ (ಗಟ್ಟಿ ಮಾಡಲು ಬೆರೆಸುವ ದ್ರವ) ಅಳತೆ ತಪ್ಪಿ ಅಂಟಾದ, ಎರಡು ಡಬ್ಬಿ ಕಲಸಿ ಹೊಡೆಯುವ ಪಿಯು (ಪಾಲಿಯುರೆಥೇನ್) ವಾರ್ನಿಷ್‌ಗೂ ಇದು ಮದ್ದಲ್ಲ. ಅದನ್ನು ಪೂರ್ತಿ ಕೆರೆದು, ಡಬ್ಬಿ ಮೇಲಿನ ಅಳತೆಯಲ್ಲೇ ಹೊಸದಾಗಿ ಕಲಸಿ ಹೊಡೆಯಬೇಕು.