ಎರಡು ಗೂಗಲ್ ಶೀಟ್ ಅಕ್ಕಪಕ್ಕ ಇಟ್ಟು ತಾಳೆ ನೋಡೋಕೆ ಯಾವ ದಾರಿ ಒಳ್ಳೇದು, ಎಲ್ಲಾ ಮಾಡಿ ನೋಡಿದೀನಿ

ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಸೇರಿಸ್ತಿದೀವಿ. ಯಾರು ಎಷ್ಟು ಕೊಡ್ತೀನಿ ಅಂತ ಬರೆಸಿದಾರೆ ಅನ್ನೋ ಪಟ್ಟಿ ಬೆಂಗಳೂರಲ್ಲಿ ನನ್ನ ಹತ್ರ ಒಂದು ಗೂಗಲ್ ಶೀಟಲ್ಲಿದೆ, ಊರಲ್ಲಿ ಚಿಕ್ಕಪ್ಪ ರಸೀದಿ ಪುಸ್ತಕ ಇಟ್ಕೊಂಡು ಬಂದ ದುಡ್ಡನ್ನ ಫೋನಲ್ಲೇ ಇನ್ನೊಂದು ಶೀಟಿಗೆ ಟೈಪ್ ಮಾಡ್ತಾರೆ. ನಾನೂರು ಚಿಲ್ಲರೆ ಹೆಸರು, ಎರಡೂ ತಾಳೆ ಆಗ್ಬೇಕು. ನನ್ನದು 14 ಇಂಚಿನ ವಿಂಡೋಸ್ ಲ್ಯಾಪ್‌ಟಾಪು, ಸ್ಕ್ರೀನು 1366 ಇಂಟು 768, ಅಷ್ಟೇ ಜಾಗ.

ಫಾರ್ಮುಲಾ ಹಾಕಿದ್ರೆ ಮುಗೀತಲ್ಲ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ನಾನೂ ಮೊದಲು ಅದನ್ನೇ ಮಾಡಿದ್ದು. ಇಂಪೋರ್ಟ್‌ರೇಂಜ್ ಹಾಕಿ ಚಿಕ್ಕಪ್ಪನ ಶೀಟನ್ನ ನನ್ನ ಶೀಟಿನ ಒಂದು ಟ್ಯಾಬಿಗೆ ಎಳ್ಕೊಂಡೆ, ಮೊದಲ ಸಲ ಅಲೋ ಆಕ್ಸೆಸ್ ಒತ್ತಬೇಕು ಅಷ್ಟೇ, ಆಮೇಲೆ ಒಂದು ಪಟ್ಟಿಯ ಹೆಸರನ್ನ ಇನ್ನೊಂದರಲ್ಲಿ ಹುಡುಕೋ ವಿಲುಕಪ್ ಹಾಕಿದೆ. ಅರ್ಧಕ್ಕರ್ಧ ಹೆಸರು ಸಿಗಲೇ ಇಲ್ಲ ಅಂತ ಬಂತು! ಯಾಕಂದ್ರೆ ನಾನು ಎಚ್ ಅಂತ ಬರೀತೀನಿ, ಅವರು ಹೆಚ್ ಅಂತ ಬರೀತಾರೆ, ನಾನು ಮಂಜುನಾಥ್, ಅವರು ಮಂಜುನಾಥ. ಅದು ಹೋಗ್ಲಿ, ಒಂದು ಹೆಸರು ಎರಡೂ ಕಡೆ ಕಣ್ಣಿಗೆ ಒಂದೇ ಥರ ಕಾಣ್ತಿತ್ತು, ಮಂಜುನಾಥ್ ಅಂತಲೇ ಇತ್ತು, ಆದ್ರೂ ಮ್ಯಾಚ್ ಆಗಿಲ್ಲ. ಅಕ್ಷರ, ಗುಣಿತದ ಚಿಹ್ನೆ, ಸೊನ್ನೆ ಎಲ್ಲಾ ಬೇರೆ ಬೇರೆ ಎಣಿಸೋ ಲೆನ್ ಫಾರ್ಮುಲಾ ಹಾಕಿ ನೋಡಿದ್ರೆ ನನ್ನ ಕಡೆ 8, ಅವರ ಕಡೆ 9. ಕೆಲವು ಕೀಬೋರ್ಡು ಅರ್ಧಾಕ್ಷರ ಆದ ಮೇಲೆ ಕಾಣದೇ ಇರೋ ಒಂದು ಅಕ್ಷರ ಸೇರಿಸತ್ತೆ, ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಅಂತಾರೆ, ಯೂನಿಕೋಡ್ ನಂಬರ್ 8204. ಖಾಲಿ ಜಾಗ ತೆಗೆಯೋ ಟ್ರಿಮ್ ಹಾಕಿದ್ರೆ ಹೋಗಲ್ಲ, ಸಬ್‌ಸ್ಟಿಟ್ಯೂಟ್ ಒಳಗೆ ಯೂನಿಕ್ಯಾರ್ 8204 ಕೊಟ್ಟು ತೆಗೀಬೇಕು. ಅದನ್ನ ತೆಗೆದೆ, ಒಂದಷ್ಟು ಮ್ಯಾಚ್ ಆಯ್ತು, ಆದ್ರೆ ಎಚ್ ಹೆಚ್ ಗಲಾಟೆ ಯಾವ ಫಾರ್ಮುಲಾಗೂ ಪೂರ್ತಿ ಬಗ್ಗಲ್ಲ. ಕನ್ನಡದಲ್ಲಿ ಹೆಸರು ಇರೋ ಪಟ್ಟಿ ಅಂದ್ರೆ ಕೊನೆಗೆ ಕಣ್ಣಲ್ಲೇ ನೋಡ್ಬೇಕು, ಹಂಗಾಗಿ ಎರಡು ಶೀಟೂ ಒಟ್ಟಿಗೆ ಕಾಣೋ ಹಾಗೆ ಇಡೋದೇ ದೊಡ್ಡ ವಿಷಯ.

ಆಲ್ಟ್ ಟ್ಯಾಬ್ ಒತ್ತಿ ಆ ಕಡೆ ಈ ಕಡೆ ಹೋಗೋದು ಹತ್ತು ಹೆಸರಿಗೆ ಸರಿ. ಅದಕ್ಕಿಂತ ಜಾಸ್ತಿ ಆದ್ರೆ ಮೊತ್ತ ತಲೇಲಿ ನಿಲ್ಲಲ್ಲ, 1501 ನೋಡಿ ಆ ಕಡೆ ಹೋಗೋದ್ರಲ್ಲಿ 1051 ಆಗಿರತ್ತೆ.

ಆಮೇಲೆ ಬ್ರೌಸರಿನ ಟ್ಯಾಬನ್ನ ಹೊರಗೆ ಎಳೆದು ಎರಡು ವಿಂಡೋ ಮಾಡಿ, ವಿಂಡೋಸ್ ಕೀ ಜೊತೆ ಎಡಗಡೆ ಬಾಣ, ಬಲಗಡೆ ಬಾಣ. ಇದು ವಿಂಡೋಸ್ 7 ಕಾಲದಿಂದ ಇದೆ, ಯಾವ ಬ್ರೌಸರ್ ಆದ್ರೂ ನಡೆಯತ್ತೆ, ಏನೂ ಇನ್‌ಸ್ಟಾಲ್ ಮಾಡೋದು ಬೇಡ. ಮಾನಿಟರ್ ದೊಡ್ಡದಿದ್ರೆ ಇದೇ ಸಾಕು, ಮುಂದೆ ಓದೋದೇ ಬೇಡ ನೀವು. ನನ್ನ ಸ್ಕ್ರೀನಲ್ಲಿ ಅರ್ಧ ಅಂದ್ರೆ 683 ಪಿಕ್ಸೆಲ್, ಶೀಟಿನ ಒಂದು ಕಾಲಂ ಸುಮ್ನೆ ಬಿಟ್ರೆ 100 ಪಿಕ್ಸೆಲ್ ಇರತ್ತೆ, ಅಂದ್ರೆ ಆರು ಕಾಲಂ, ಹೆಸರಿನ ಕಾಲಂ ಅಗಲ ಮಾಡಿದ್ರೆ ಐದೂ ಇಲ್ಲ. ಚಿಕ್ಕಪ್ಪನ ಶೀಟಲ್ಲಿ ಮೊತ್ತ ಇರೋದು ಏಳನೇ ಕಾಲಮ್ಮಲ್ಲಿ.

ಇಲ್ಲಿ ಒಂದು ತಪ್ಪು ಮಾಡಿದೆ, ನೀವು ಮಾಡ್ಬೇಡಿ. ಅವರ ಶೀಟಲ್ಲಿ ಬೇಡದ ಕಾಲಮ್ಮುಗಳನ್ನ ಹೈಡ್ ಮಾಡಿದೆ, ಹತ್ತು ನಿಮಿಷಕ್ಕೆ ಫೋನು ಬಂತು, "ಮಗಾ, ಊರಿನ ಕಾಲಮ್ಮೇ ಕಾಣ್ತಿಲ್ಲ ಕಣೋ, ಏನಾಯ್ತು, ನಾನೇನಾದ್ರೂ ಅಳಿಸಿಬಿಟ್ನಾ?" ಪಾಪ ಗಾಬರಿ ಆಗಿದ್ರು. ಹೈಡ್ ಮಾಡಿದ್ರೆ ಎಲ್ಲರಿಗೂ ಹೈಡ್ ಆಗತ್ತೆ. ಫಿಲ್ಟರ್ ವ್ಯೂ ನಮ್ಮೊಬ್ಬರಿಗೇ ಕಾಣೋ ಹಾಗೆ ಇಟ್ಕೋಬಹುದು, ಆದ್ರೆ ಅದು ಸಾಲುಗಳಿಗೆ ಮಾತ್ರ, ಕಾಲಮ್ಮಿಗೆ ಅಲ್ಲ. ಅದಕ್ಕೇ ಆ ಇಂಪೋರ್ಟ್‌ರೇಂಜ್ ಟ್ಯಾಬು ಮತ್ತೆ ಉಪಯೋಗಕ್ಕೆ ಬಂತು, ಅದು ನನ್ನ ಶೀಟಲ್ಲಿರೋದ್ರಿಂದ ಅಲ್ಲಿ ಏನು ಹೈಡ್ ಮಾಡಿದ್ರೂ ಅವರಿಗೆ ತೊಂದ್ರೆ ಇಲ್ಲ. ಒಂದೇ ಶೀಟಿನ ಎರಡು ಟ್ಯಾಬ್ ಅಕ್ಕಪಕ್ಕ ಬೇಕು ಅಂದ್ರೆ ಬ್ರೌಸರಲ್ಲಿ ಡೂಪ್ಲಿಕೇಟ್ ಕೊಟ್ಟು ಅದೇ ಫೈಲನ್ನ ಎರಡು ಸಲ ತೆಗೀಬಹುದು, ಒಂದರಲ್ಲಿ ಒಂದು ಟ್ಯಾಬು, ಇನ್ನೊಂದರಲ್ಲಿ ಇನ್ನೊಂದು.

ಎಕ್ಸೆಲ್‌ಗೆ ಇಳಿಸಿಕೊಂಡೂ ನೋಡಿದೆ. ವ್ಯೂ ಮೆನುವಿನಲ್ಲಿ ವ್ಯೂ ಸೈಡ್ ಬೈ ಸೈಡ್ ಇದೆ, ಜೊತೆಗೆ ಸಿಂಕ್ರೊನಸ್ ಸ್ಕ್ರೋಲಿಂಗ್, ಒಂದನ್ನ ಸ್ಕ್ರೋಲ್ ಮಾಡಿದ್ರೆ ಎರಡೂ ಓಡತ್ತೆ, ಇದು ಗೂಗಲ್ ಶೀಟಲ್ಲಿ ಇಲ್ಲ, ನಿಜವಾಗ್ಲೂ ಇರ್ಬೇಕಿತ್ತು. ಆದ್ರೆ ಎರಡೂ ಪಟ್ಟಿ ಒಂದೇ ಕ್ರಮದಲ್ಲಿದ್ರೆ ಮಾತ್ರ ಅದು ಉಪಯೋಗ. ಹೆಸರಿನ ಮೇಲೆ ಸಾರ್ಟ್ ಮಾಡಿದೆ, ನನ್ನ ಎಚ್.ಕೆ. ಎಲ್ಲಾ ಮೇಲೆ ಎ ಹತ್ರ ಕೂತ್ಕೊಂಡ್ರು, ಅವರ ಹೆಚ್.ಕೆ. ಎಲ್ಲಾ ಕೆಳಗೆ ಹ ಹತ್ರ. ಮೇಲಾಗಿ ನಾನು ಇಳಿಸಿಕೊಂಡ ಮೇಲೆ ಚಿಕ್ಕಪ್ಪ ಇನ್ನೂ ಮೂರು ರಸೀದಿ ಸೇರಿಸಿದ್ರು, ನನ್ನ ಕಾಪಿ ಅಷ್ಟೊತ್ತಿಗೆ ಹಳೇದು. ಬದಲಾಗ್ತಾ ಇರೋ ಪಟ್ಟಿಗೆ ಇದು ಬೇಡ, ವರ್ಷದ ಲೆಕ್ಕ ಮುಗಿಸಿ ಮುಚ್ಚಿಟ್ಟ ಪಟ್ಟಿಗಾದ್ರೆ ಇದನ್ನೇ ಹೇಳ್ತೀನಿ.

ನನಗೆ ಕೈಗೆ ಕೂತಿದ್ದು ಎಡ್ಜ್ ಬ್ರೌಸರಿನ ಸ್ಪ್ಲಿಟ್ ಸ್ಕ್ರೀನು. ಒಂದೇ ವಿಂಡೋ ಒಳಗೆ ಎರಡು ಪೇಜು, ನಡುವಿನ ಗೆರೆ ಹಿಡಿದು ಎಳೆದ್ರೆ ಒಂದು ಕಡೆ ಸಣ್ಣ ಇನ್ನೊಂದು ಕಡೆ ಅಗಲ ಮಾಡ್ಬಹುದು, ನನ್ನ ಪಟ್ಟಿಗೆ ಮೂರೇ ಕಾಲಂ ಸಾಕು ಹಾಗಾಗಿ ಎಡಗಡೆ ಕಡಿಮೆ ಕೊಟ್ಟು ರಸೀದಿ ಕಡೆಗೆ ಜಾಸ್ತಿ ಕೊಟ್ಟೆ. ಎರಡೂ ಕಡೆ ಕಂಟ್ರೋಲ್ ಶಿಫ್ಟ್ ಎಫ್ ಒತ್ತಿದೆ, ಶೀಟಿನ ಮೇಲಿನ ಮೆನು ಮುಚ್ಕೊಂಡು ಎರಡು ಮೂರು ಸಾಲಿನ ಜಾಗ ಸಿಕ್ತು, ಮೊದಲ ಸಾಲು ಫ್ರೀಜ್, ಜೂಮ್ 90. ಮೌಸ್ ಯಾವ ಕಡೆ ಇದ್ರೆ ಆ ಕಡೆ ಸ್ಕ್ರೋಲ್ ಆಗತ್ತೆ, ಕ್ಲಿಕ್ ಮಾಡೋದೇ ಬೇಡ, ಆದ್ರೆ ಹುಡುಕೋಕೆ ಕಂಟ್ರೋಲ್ ಎಫ್ ಒತ್ತೋ ಮೊದಲು ಆ ಕಡೆ ಒಂದ್ಸಲ ಕ್ಲಿಕ್ ಮಾಡಿ, ಇಲ್ಲಾಂದ್ರೆ ಇನ್ನೊಂದು ಪಟ್ಟೀಲಿ ಹುಡುಕ್ತಾ ಕೂತಿರ್ತೀರ.

ವಿವಾಲ್ಡಿ ಅನ್ನೋ ಇನ್ನೊಂದು ಬ್ರೌಸರಲ್ಲೂ ಟ್ಯಾಬ್ ಟೈಲ್ ಅಂತ ಇದೆ, ಅಕ್ಕಪಕ್ಕ ಅಲ್ಲದೆ ಒಂದರ ಕೆಳಗೊಂದೂ ಇಡಬಹುದು, ಎರಡಕ್ಕಿಂತ ಜಾಸ್ತಿನೂ ಇಡಬಹುದು. ಕಾಲಂ ಹದಿನೈದಿಪ್ಪತ್ತು ಇರೋ ಶೀಟಿಗೆ ಮೇಲೆ ಕೆಳಗೆ ಇಡೋದೇ ವಾಸಿ. ನಮ್ಮಂಥ ಹೆಸರಿನ ಪಟ್ಟಿಗೆ ಉದ್ದ ಬೇಕು, ಅಗಲ ಅಲ್ಲ, ಹಂಗಾಗಿ ನಾನು ಅಕ್ಕಪಕ್ಕಕ್ಕೇ ಬಂದೆ.

ನಿನ್ನೆ ರಾತ್ರಿ ಹೀಗೆ ನೋಡ್ತಾ ಪಟ್ಟೀಲಿ 501 ಬರೆಸಿದ್ದ ಒಬ್ಬ ಅಜ್ಜಿ ಹೆಸರು ರಸೀದಿ ಕಡೆ ಎಲ್ಲೂ ಕಾಣಲಿಲ್ಲ. ಇನ್ನೇನು ಬಾಕಿ ಅಂತ ಕೆಂಪು ಹಾಕ್ಬೇಕು, ಅಷ್ಟರಲ್ಲಿ ಬಲಗಡೆ ಅದೇ ಊರು, ಅದೇ 501, ಮಗನ ಹೆಸರಲ್ಲಿ ರಸೀದಿ ಕಣ್ಣಿಗೆ ಬಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳ್ದೆ, "ಹೌದು ಕಣೋ, ಅಜ್ಜಿನೇ ಬಂದು ಕೊಟ್ರು, ಮಗನ ಹೆಸರಲ್ಲಿ ಬರಿ ಅಂದ್ರು" ಅಂದ್ರು. ಹಸಿರು ಹಾಕಿ ಮುಂದಿನ ಸಾಲಿಗೆ ಹೋದೆ, ಇನ್ನೂ ಅರವತ್ತು ಹೆಸರಿದೆ.