ಲಾಗ್ ಮೌನವಾದಾಗ: ರೀಸ್ಟಾರ್ಟ್, ಹಪ್, ಜರ್ನಲ್‌ಡಿ

ಹೊಸ ಆವೃತ್ತಿ ಸರ್ವರ್‌ಗೆ ಏರಿದ ಗಳಿಗೆಯಿಂದ ಲಾಗ್ ಡೈರೆಕ್ಟರಿ ಖಾಲಿ. ಲಾಗ್ ಬರೆಯುವ ಸೇವೆಯಾದ ಆರ್‌ಸಿಸ್‌ಲಾಗ್ ಓಡುತ್ತಲೇ ಇತ್ತು, ದೋಷದ ಸುಳಿವೇ ಇಲ್ಲ. ನಮ್ಮ ಡಿಪ್ಲಾಯ್‌ಮೆಂಟ್ ಸಾಧನ ಪ್ರತಿ ಸಲವೂ ಆ ಡೈರೆಕ್ಟರಿಯನ್ನು ಅಳಿಸಿ ಹೊಸದನ್ನು ಸೃಷ್ಟಿಸುತ್ತಿತ್ತು. ಲಿನಕ್ಸ್‌ನಲ್ಲಿ ಫೈಲಿನ ಹೆಸರು ಅಳಿದರೂ, ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಹಳೆಯ ಐನೋಡ್‌ಗೇ (ಹೆಸರಿನ ಹಿಂದಿರುವ ನಿಜವಾದ ಫೈಲಿಗೇ) ಬರೆಯುತ್ತಿರುತ್ತದೆ. ಬರೆದದ್ದು ಡಿಸ್ಕ್ ತುಂಬುತ್ತದೆ, ಕಣ್ಣಿಗೆ ಮಾತ್ರ ಬೀಳುವುದಿಲ್ಲ.

ಮೂರು ದಾರಿಗಳನ್ನು ಪರೀಕ್ಷಾ ಸರ್ವರ್‌ನಲ್ಲಿ ಪ್ರಯೋಗಿಸಿದೆ. ಡಿಪ್ಲಾಯ್‌ಮೆಂಟ್ ನಡೆಯುತ್ತಿರುವಾಗಲೇ ಲಾಗರ್ ಆದೇಶದಿಂದ 1ರಿಂದ 500ರವರೆಗೆ ಸಂಖ್ಯೆ ಹಾಕಿದ ಸಂದೇಶಗಳನ್ನು ಕಳಿಸಿ, ತಪ್ಪಿದ ಸಂಖ್ಯೆಗಳನ್ನು ಹುಡುಕಿದೆ.

ಕೊನೆಯಲ್ಲಿ ಆರ್‌ಸಿಸ್‌ಲಾಗ್ ರೀಸ್ಟಾರ್ಟ್ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಲಾಗ್ ಮರಳಿತು, ನಡುವಿನ ಸಂಖ್ಯೆಗಳು ಹೋದವು. ಸಂರಚನೆ ಬದಲಾಗಿದ್ದರೆ ಇದು ಬೇಕೇ ಬೇಕು, ಇಲ್ಲದಿದ್ದರೆ ಅತಿಯಾಯಿತು.

ಓಡುತ್ತಿರುವ ಪ್ರೋಗ್ರಾಂಗೆ ಕೊಡುವ ಸೂಚನೆಯಾದ ಹಪ್ ಸಿಗ್ನಲ್ ಕಳಿಸಿದರೆ ಆರ್‌ಸಿಸ್‌ಲಾಗ್ ಫೈಲುಗಳನ್ನು ಮುಚ್ಚಿ ಮತ್ತೆ ತೆರೆಯುತ್ತದೆ, ಸೇವೆ ನಿಲ್ಲುವುದಿಲ್ಲ. ಆದರೆ ಉಬುಂಟುವಿನಲ್ಲಿ ಅದು ಸಿಸ್‌ಲಾಗ್ ಎಂಬ ಬಳಕೆದಾರನಾಗಿ ಓಡುತ್ತದೆ. ಸಾಧನ ಸೃಷ್ಟಿಸಿದ ಡೈರೆಕ್ಟರಿಯ ಒಡೆತನ ರೂಟ್ ಎಂಬ ಮುಖ್ಯ ಬಳಕೆದಾರನದ್ದಾಗಿದ್ದರಿಂದ ಮೊದಲ ಪ್ರಯತ್ನದಲ್ಲಿ ಹೊಸ ಫೈಲೇ ಹುಟ್ಟಲಿಲ್ಲ. ಒಡೆತನ ಸರಿಪಡಿಸಿದ ಮೇಲೆ ಹುಟ್ಟಿತು. ಇಲ್ಲಿಯೂ ಅಳಿಸುವಿಕೆಗೂ ಸಿಗ್ನಲ್‌ಗೂ ನಡುವಿನ ಸಾಲುಗಳು ಹಳೆಯ ಐನೋಡ್‌ನಲ್ಲೇ ಉಳಿಯುತ್ತವೆ, ಅದನ್ನು ಮುಚ್ಚಿದೊಡನೆ ಶಾಶ್ವತವಾಗಿ ಮಾಯವಾಗುತ್ತವೆ. ಆದ್ದರಿಂದ ಏನನ್ನೂ ಮುಟ್ಟುವ ಮುನ್ನ ಎಲ್‌ಎಸ್‌ಒಎಫ್ ಆದೇಶದಿಂದ ಅಳಿದರೂ ತೆರೆದೇ ಇರುವ ಫೈಲುಗಳನ್ನು ಹುಡುಕಿ, ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರೋಗ್ರಾಂ ತೆರೆದಿಟ್ಟ ಫೈಲುಗಳನ್ನು ತೋರಿಸುವ ಎಫ್‌ಡಿ ಭಾಗದಿಂದ ನಕಲು ಮಾಡಿಕೊಳ್ಳಿ. ಹೀಗೆ ಮಾಡಿದಾಗ ತಪ್ಪಿದ ಸಂಖ್ಯೆಗಳೆಲ್ಲ ನನಗೆ ಸಿಕ್ಕವು. ಗಾಬರಿಯಲ್ಲಿ ಮಾಡುವ ರೀಸ್ಟಾರ್ಟ್ ಈ ಪುರಾವೆಯನ್ನೇ ನುಂಗಿಹಾಕುತ್ತದೆ.

ಮೂರನೆಯ ದಾರಿ, ಸಿಸ್ಟಂಡಿಯ ಲಾಗ್ ಸೇವೆಯಾದ ಜರ್ನಲ್‌ಡಿ. ಅದರಲ್ಲಿ 500ಕ್ಕೆ 500 ಇದ್ದವು. ಅದರ ಸಂಗ್ರಹ ಬೇರೆ ಕಡೆ ಇರುವುದರಿಂದ ಸಾಧನದ ಕೈ ಅಲ್ಲಿಗೆ ಹೋಗುವುದಿಲ್ಲ. ಎರಡು ಎಚ್ಚರಿಕೆಗಳಿವೆ. ಶಾಶ್ವತ ಸಂಗ್ರಹಕ್ಕೆ ವ್ಯವಸ್ಥೆ ಮಾಡಿರದಿದ್ದರೆ ಲಾಗ್ ಮೆಮೊರಿಯಲ್ಲಷ್ಟೇ ಉಳಿದು ರೀಬೂಟ್‌ನೊಂದಿಗೆ ಹೋಗುತ್ತದೆ. ಜೊತೆಗೆ ಪ್ರತಿ ಸೇವೆಗೆ 30 ಸೆಕೆಂಡಿಗೆ 10,000 ಸಂದೇಶಗಳ ಮೂಲ ಮಿತಿಯಿದೆ. ಡಿಸ್ಕ್‌ನಲ್ಲಿ ಜಾಗ ಹೆಚ್ಚಿದ್ದರೆ ಅದು ಹಿಗ್ಗುತ್ತದೆ, ಆದರೂ ಕೆಟ್ಟ ಆವೃತ್ತಿಯೊಂದು ದೋಷಗಳನ್ನು ಸುರಿಸುವಾಗ ಮಿತಿ ದಾಟಿ ಸಂದೇಶಗಳು ತಪ್ಪಿಹೋಗಬಹುದು.

ನಾನು ಅಪ್ಲಿಕೇಶನ್ ಲಾಗನ್ನು ಜರ್ನಲ್‌ಡಿಗೆ ವರ್ಗಾಯಿಸಿದೆ. ಫೈಲ್ ಬೇಕೇ ಬೇಕೆನ್ನುವ ಎರಡು ಸರ್ವರ್‌ಗಳಲ್ಲಿ ಒಡೆತನ ಸರಿಪಡಿಸಿ ಹಪ್ ಕಳಿಸುವ ಹಂತವನ್ನು ಡಿಪ್ಲಾಯ್‌ಮೆಂಟ್‌ಗೆ ಸೇರಿಸಿದ್ದೇನೆ. ಅದಕ್ಕೂ ಮೊದಲು ನಕಲು ತೆಗೆಯುವ ಹಂತವಿದೆ.