ಅಕ್ಕನ ಮಗನಿಗೆ ಕಟ್ಟಿಕೊಟ್ಟ ವಾಟರ್ ಕೂಲ್ಡ್ ಪಿಸಿ: ಆರು ತಿಂಗಳಾದ ಮೇಲೆ ಬರೆದ ರಿವ್ಯೂ

ನನ್ನ ಸ್ವಂತ ಕಂಪ್ಯೂಟರಿಗೆ ಎರಡು ಸಲ ಕಸ್ಟಮ್ ಲೂಪ್, ಅಂದರೆ ಬಿಡಿಭಾಗ ಜೋಡಿಸಿ ನೀರು ಸುತ್ತಿಸಿ ತಂಪು ಮಾಡುವ ವ್ಯವಸ್ಥೆ, ಕಟ್ಟಿದ್ದೇನೆ. ಎರಡು ಸಲವೂ ಏನಾದರೊಂದು ಎಡವಟ್ಟು ಮಾಡಿ, ನನ್ನನ್ನೇ ಬೈದುಕೊಂಡು, ನಾನೇ ಸರಿ ಮಾಡಿಕೊಂಡಿದ್ದೇನೆ. ಮೂರನೆಯದು ಅಕ್ಕನ ಮಗನಿಗೆ. "ಚಿಕ್ಕಮ್ಮ, ನೀನೇ ಕಟ್ಟಿಕೊಡಬೇಕು" ಅಂತ ಬಿಡಿಭಾಗಗಳ ಪಟ್ಟಿ ಹಿಡಿದುಕೊಂಡು ಬಂದಿದ್ದ. ಅಕ್ಕ ಪಟ್ಟಿ ನೋಡಲಿಲ್ಲ. ಅವನ ಫೋನಿನಲ್ಲಿದ್ದ ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದಳು: "ನೀರು, ಕರೆಂಟು ಎರಡೂ ಒಂದೇ ಡಬ್ಬದಲ್ಲಾ?"

ಹೌದು, ಒಂದೇ ಡಬ್ಬದಲ್ಲಿ. ಆರು ತಿಂಗಳಿನಿಂದ ಓಡುತ್ತಿದೆ. ಹೊಸದರಲ್ಲಿ ಯಾವ ವಾಟರ್ ಕೂಲಿಂಗ್ ಆದರೂ ಚೆಂದವೇ ಕಾಣುತ್ತದೆ, ಅದಕ್ಕೇ ಬೇಕಂತಲೇ ಇಷ್ಟು ದಿನ ಬಿಟ್ಟು ಬರೆಯುತ್ತಿದ್ದೇನೆ. ಕೂಲಿಂಗ್ ಭಾಗಗಳು ಹೆಚ್ಚುಕಡಿಮೆ ಎಲ್ಲವೂ ಒಂದೇ ಕಂಪನಿಯವು. ಹೆಸರು ಹೇಳುವುದಿಲ್ಲ. ಒಂದು ವಿಷಯಕ್ಕೆ ಅವರನ್ನು ಬೈಯುವುದಿದೆ.

ಒಳಗಿರುವುದು ರೈಝನ್ 7 7800ಎಕ್ಸ್3ಡಿ ಪ್ರೊಸೆಸರ್, ಆರ್‌ಟಿಎಕ್ಸ್ 4080 ಸೂಪರ್ ಗ್ರಾಫಿಕ್ಸ್ ಕಾರ್ಡ್. ತಂಪು ಮಾಡಲು 30 ಮಿ.ಮೀ. ದಪ್ಪದ ಎರಡು 360 ರೇಡಿಯೇಟರ್ (ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಜಾಲರಿ), ಅಂದರೆ ಒಂದೊಂದಕ್ಕೂ ಮೂರು 120 ಮಿ.ಮೀ. ಫ್ಯಾನ್. ಡಿ5 ಪಂಪ್, ಅದರ ತಲೆ ಮೇಲೇ ಕೂತ ರಿಸರ್ವಾಯರ್, ಅಂದರೆ ನೀರಿನ ತೊಟ್ಟಿ. ಪ್ರೊಸೆಸರಿಗೊಂದು, ಕಾರ್ಡಿಗೊಂದು ವಾಟರ್ ಬ್ಲಾಕ್, ಅಂದರೆ ಚಿಪ್ಪಿನ ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ದಾಟಿಸುವ ಲೋಹದ ತುಂಡು. ಬ್ಲಾಕ್‌ಗಳು ನಿಕಲ್ ಲೇಪ ಕೊಟ್ಟ ತಾಮ್ರದವು, ರೇಡಿಯೇಟರಿನ ಒಳಗೂ ತಾಮ್ರ. ಕೊಳ್ಳುವ ಮುಂಚೆ ಇದನ್ನು ಎರಡೆರಡು ಸಲ ನೋಡಿಕೊಳ್ಳಿ. ಕಡಿಮೆಗೆ ಸಿಕ್ಕಿತು ಅಂತ ಅಲ್ಯೂಮಿನಿಯಂ ರೇಡಿಯೇಟರ್ ತಂದು ತಾಮ್ರದ ಬ್ಲಾಕ್ ಜೊತೆ ಸೇರಿಸಿದರೆ ಇಡೀ ಲೂಪ್ ಒಂದು ಬ್ಯಾಟರಿಯ ಹಾಗಾಗಿ ಅಲ್ಯೂಮಿನಿಯಂ ಒಳಗೊಳಗೇ ಸವೆಯುತ್ತದೆ. ಅವನ ಮೊದಲ ಪಟ್ಟಿಯಲ್ಲಿ ಅಂಥದ್ದೊಂದು ಇತ್ತು. ನಾನೇ ಹೊಡೆದುಹಾಕಿದೆ.

ಪಂಪ್ ಬಗ್ಗೆ ದೂರೇ ಇಲ್ಲ. ಡಿ5 ಹಳೇ ವಿನ್ಯಾಸ. ಎಷ್ಟೋ ಕಂಪನಿಗಳು ತಮ್ಮ ಮುಚ್ಚಳ ಹಾಕಿ ಮಾರುವುದೂ ಇದನ್ನೇ. ಅರ್ಧ ವೇಗದಲ್ಲಿ ಓಡಿಸಿದರೆ ಕ್ಯಾಬಿನೆಟ್‌ಗೆ ಕಿವಿ ಒತ್ತಿದಾಗ ಮಾತ್ರ ಕೇಳುತ್ತದೆ. ನೀರಿಲ್ಲದೆ ಓಡಿಸಬಾರದು, ಅಷ್ಟೇ. ಅದರ ಬೇರಿಂಗಿಗೆ ನೀರೇ ಎಣ್ಣೆ.

ಹೊಸಬರು ಲೆಕ್ಕ ತಪ್ಪುವುದು ಟ್ಯೂಬನ್ನು ಭಾಗಗಳಿಗೆ ಜೋಡಿಸುವ ಫಿಟಿಂಗ್‌ಗಳಲ್ಲಿ. ಐದು ಟ್ಯೂಬ್ ಅಂದರೆ ಹತ್ತು ಫಿಟಿಂಗ್. ಜೊತೆಗೆ ನಾಲ್ಕು 90 ಡಿಗ್ರಿ ರೋಟರಿ (ತಿರುಗುವ ಮೊಣಕೈ), ಡ್ರೇನಿಗೆ, ಅಂದರೆ ನೀರು ಇಳಿಸಲು, ಒಂದು ಟೀ (ಮೂರು ಬಾಯಿಯ ಜೋಡಣೆ), ಒಂದು ವಾಲ್ವ್, ಒಂದು ಪ್ಲಗ್. ಇಷ್ಟೂ ಸೇರಿಸಿದಾಗ ಪಂಪಿಗಿಂತ ಜಾಸ್ತಿ ಆಯಿತು! ಆದರೆ ಮಾಲು ಚೆನ್ನಾಗಿದೆ. ಎಲ್ಲದಕ್ಕೂ ಜಿ 1/4 ಥ್ರೆಡ್, ಹಾಗಾಗಿ ಬೇರೆ ಕಂಪನಿಯದೂ ಕೂರುತ್ತದೆ. ಟ್ಯೂಬಿನ ಹೊರ ಅಳತೆ ಮಾತ್ರ ಹೊಂದಬೇಕು, ನಮ್ಮದು 14 ಮಿ.ಮೀ. ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಮುಟ್ಟಬೇಡಿ. ನೀರು ತಡೆಯುವುದು ಒಳಗಿನ ರಬ್ಬರ್ ಬಳೆ, ಓ-ರಿಂಗ್, ನಿಮ್ಮ ತೋಳಿನ ಬಲ ಅಲ್ಲ. ಜೋರು ಮಾಡಿದರೆ ಫಿಟಿಂಗ್ ಕೂರುವ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಬಿರುಕು ಬಿಡುತ್ತದೆ.

ಈಗ ಬೈಗುಳ. ಕಾರ್ಡಿನ ಬ್ಲಾಕ್.

4080 ಸೂಪರ್ ಅಂದರೆ ಒಂದೇ ಕಾರ್ಡ್ ಅಲ್ಲ. ಒಂದೊಂದು ಕಂಪನಿ ಒಂದೊಂದು ತರಹ ಬೋರ್ಡ್ ಮಾಡುತ್ತದೆ, ಬ್ಲಾಕ್ ಆ ಬೋರ್ಡಿಗೇ ಹೊಂದಬೇಕು. ಅದನ್ನು ನೋಡಿಯೇ ತರಿಸಿದ್ದೆವು. ಪೆಟ್ಟಿಗೆ ತೆಗೆದರೆ ಬ್ಲಾಕ್ ಇದೆ, ಸ್ಕ್ರೂ ಇದೆ, ಎರಡು ದಪ್ಪದ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆ ಪಟ್ಟಿ) ಇದೆ, ಪುಸ್ತಕ ಇಲ್ಲ. ಒಂದು ಚೀಟಿಯಲ್ಲಿ ಸ್ಕ್ಯಾನ್ ಮಾಡುವ ಚೌಕ. ಅದನ್ನು ತೆರೆದರೆ ಒಂದು ಮಸುಕು ಚಿತ್ರ, ಎರಡು ದಪ್ಪಕ್ಕೂ ಹತ್ತಿರಹತ್ತಿರ ಒಂದೇ ಬೂದು ಬಣ್ಣ. ಯಾವ ಪ್ಯಾಡ್ ಎಲ್ಲಿಗೆ ಅಂತ ಊಹೆ ಮಾಡಬೇಕು. ಸಾಲದ್ದಕ್ಕೆ ತೆಳು ಪ್ಯಾಡ್ ಎರಡು ಬೆರಳಗಲ ಕಡಿಮೆ ಬಿತ್ತು. ಕಂಪನಿಗೆ ಬರೆದೆ. ಒಂಬತ್ತು ದಿನ ಬಿಟ್ಟು "ಪ್ರತ್ಯೇಕವಾಗಿ ಕೊಳ್ಳಬಹುದು" ಅಂತ ಉತ್ತರ ಬಂತು. ಥ್ಯಾಂಕ್ಸ್ ಕಣಪ್ಪ.

ನನ್ನ ಕಾರ್ಡ್ ಆಗಿದ್ದರೆ ಸುಮ್ನೆ ಹಾಕಿ ಓಡಿಸಿ ನೋಡುತ್ತಿದ್ದೆ. ಇದು ಅವನು ಒಂದು ವರ್ಷ ಕೂಡಿಟ್ಟ ದುಡ್ಡು. ಅದಕ್ಕೇ ಒಮ್ಮೆ ಪೂರ್ತಿ ಕೂರಿಸಿ, ಸ್ಕ್ರೂ ಬಿಗಿ ಮಾಡಿ, ಮತ್ತೆ ಬಿಚ್ಚಿ, ಚಿಪ್ಪಿಗೂ ಬ್ಲಾಕಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ನೋಡಿದೆ. ಚಿಪ್ಪಿನ ಮೇಲೆ ಪೇಸ್ಟ್ ಎಲ್ಲ ಕಡೆ ತೆಳುವಾಗಿ ಹರಡಿರಬೇಕು. ಎಡಗಡೆ ಹಾಗೇ ಇತ್ತು. ಬಲಗಡೆ ಮೂಲೆಯಲ್ಲಿ ಹಚ್ಚಿದ ಗೆರೆ ಹಚ್ಚಿದ ಹಾಗೇ ಉಬ್ಬಿಕೊಂಡಿತ್ತು, ಬ್ಲಾಕ್ ಅದನ್ನು ಮುಟ್ಟಿಯೇ ಇರಲಿಲ್ಲ. ಪಕ್ಕದ ಮೆಮೊರಿ ಮೇಲೆ ದಪ್ಪ ಪ್ಯಾಡ್ ಹಾಕಿದ್ದೆ. ಅದು ಇಡೀ ಬ್ಲಾಕನ್ನು ಒಂದು ಕಡೆ ಎತ್ತಿ ಹಿಡಿದಿತ್ತು. ಪ್ಯಾಡ್ ಅದಲುಬದಲು ಮಾಡಿ, ಕಡಿಮೆ ಬಿದ್ದದ್ದನ್ನು ಬೇರೆ ತರಿಸಿ, ಮೂರನೇ ಸಲಕ್ಕೆ ಸರಿಯಾಯಿತು. ಇಷ್ಟೆಲ್ಲ ಆಗುವಾಗ ಅವನು ಹಿಂದೆ ನಿಂತು ಉಸಿರು ಬಿಗಿ ಹಿಡಿದಿದ್ದ. "ನೀನು ಆಚೆ ಹೋಗು" ಅಂತ ಕಳಿಸಿದೆ. ಅಂದ ಹಾಗೆ, ಕಾರ್ಡಿನ ಮೂಲ ಕೂಲರ್ ಬಿಚ್ಚಿದರೆ ವಾರಂಟಿ ಏನಾಗುತ್ತದೆ ಅಂತ ಮೊದಲೇ ಓದಿಕೊಳ್ಳಿ. ಬಿಚ್ಚಿದ ಕೂಲರ್, ಅದರ ಸ್ಕ್ರೂ ಎಲ್ಲ ಒಂದು ಕವರಿಗೆ ಹಾಕಿ ಪಿಸಿಯ ಯಜಮಾನನಿಗೇ ಕೊಡಿ.

ಟ್ಯೂಬ್ ಪಿಇಟಿಜಿ, ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಅಕ್ರಿಲಿಕ್ ಇದಕ್ಕಿಂತ ಹೊಳಪು, ಬಿಸಿಯನ್ನೂ ಜಾಸ್ತಿ ತಡೆಯುತ್ತದೆ, ಆದರೆ ಕತ್ತರಿಸುವಾಗ ಸಿಡಿಯುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಪಿಇಟಿಜಿ ಬಗ್ಗಿಸುವುದೂ ಸುಲಭ. ಒಳಗೆ ಸಿಲಿಕಾನ್ ಹಗ್ಗ ತೂರಿಸಿ, ಹೀಟ್ ಗನ್ ಮುಂದೆ ತಿರುಗಿಸುತ್ತಾ ಇದ್ದರೆ ಸ್ವಲ್ಪ ಹೊತ್ತಿಗೆ ತಾನೇ ಬಳುಕುತ್ತದೆ. ಸುಲಭ ಅಂದೆನಲ್ಲ, ಮೂರು ಉದ್ದ ಕಸದ ಬುಟ್ಟಿಗೆ ಹೋಯಿತು. ಒಂದು ಚಪ್ಪಟೆಯಾಯಿತು, ಒಂದರಲ್ಲಿ ಗುಳ್ಳೆ ಎದ್ದಿತು, ಇನ್ನೊಂದು ಎಲ್ಲ ಸರಿ ಬಂದು ಒಂದು ಸೆಂಟಿಮೀಟರ್ ಗಿಡ್ಡ!

ಬಣ್ಣಕ್ಕೆ ಒಂದು ಸಣ್ಣ ಜಗಳ ಆಯಿತು. ಅವನಿಗೆ ಸುಣ್ಣದ ನೀರಿನ ಹಾಗೆ ಬೆಳ್ಳಗಿರುವ ಕೂಲಂಟ್, ಅಂದರೆ ಲೂಪಿಗೆ ತುಂಬುವ ದ್ರವ, ಬೇಕು. ಫೋಟೋದಲ್ಲಿ ನಿಜಕ್ಕೂ ಚೆಂದ. ಆದರೆ ಆ ಬಿಳಿ ಅಂದರೆ ನೀರಲ್ಲಿ ತೇಲುವ ಸಣ್ಣ ಕಣಗಳು. ದಿನ ಕಳೆದ ಹಾಗೆ ಅವು ಬ್ಲಾಕಿನ ಕೂದಲೆಳೆಯಂಥ ಸಂದುಗಳಲ್ಲಿ ಕೂರುತ್ತವೆ. ಬಿಚ್ಚಿ ತೊಳೆಯುವವರು ಯಾರು? ನಾನು. "ಬಿಳಿ ಬೇಕಾದರೆ ತೊಳೆಯುವುದೂ ನಿನ್ನದೇ" ಅಂದೆ. ಬಣ್ಣವಿಲ್ಲದ ಕೂಲಂಟಿಗೆ ಒಪ್ಪಿಕೊಂಡ, ಬಣ್ಣಕ್ಕೆ ಲೈಟ್ ಇದೆಯಲ್ಲ.

ರೇಡಿಯೇಟರ್‌ಗಳನ್ನು ಡಿಸ್ಟಿಲ್ಡ್ ನೀರು ಹಾಕಿ ಕುಲುಕಿ ಕುಲುಕಿ ತೊಳೆದೆ. ಹೊಸದೇ, ಆದರೂ ಮೊದಲ ಎರಡು ಸಲ ಕಪ್ಪು ಚೂರುಗಳು ಬಂದವು. ಫ್ಯಾಕ್ಟರಿಯಲ್ಲಿ ಬೆಸುಗೆ ಹಾಕಿದಾಗ ಉಳಿದದ್ದು. ಈ ಕೆಲಸ ತಪ್ಪಿಸಬೇಡಿ.

ಇಡೀ ಸೆಟ್‌ನಲ್ಲಿ ಅತಿ ಉಪಯೋಗಕ್ಕೆ ಬಂದದ್ದು ಯಾವುದು ಗೊತ್ತಾ? ಗಾಳಿ ಹೊಡೆಯುವ ಲೀಕ್ ಟೆಸ್ಟರ್. ಸೈಕಲ್ ಪಂಪಿನ ತಮ್ಮನ ಹಾಗಿದೆ, ಮೇಲೊಂದು ಮುಳ್ಳಿನ ಮೀಟರ್. ನೀರು ಹಾಕುವ ಮುಂಚೆ ಲೂಪಿಗೆ ಸುಮಾರು 0.5 ಬಾರ್ ಗಾಳಿ ತುಂಬಿ ಬಿಡಬೇಕು. ಮುಳ್ಳು ಅಲ್ಲೇ ನಿಂತರೆ ಸರಿ. ನಮ್ಮದು ಹತ್ತು ನಿಮಿಷದಲ್ಲಿ 0.3ಕ್ಕೆ ಇಳಿಯಿತು. ಒಂದೊಂದೇ ಫಿಟಿಂಗಿಗೆ ಸೋಪಿನ ನೀರು ಸವರಿದೆ. ಕಾರ್ಡಿನ ಕೆಳಗಿನ ಫಿಟಿಂಗಿನಲ್ಲಿ ಗುಳ್ಳೆ ಒಂದರ ಹಿಂದೆ ಒಂದು, ನಿಧಾನಕ್ಕೆ. ಬಿಚ್ಚಿದರೆ ಒಳಗಿನ ಓ-ರಿಂಗ್ ಉಗುರಿನಲ್ಲಿ ಗೀರಿದ ಹಾಗೆ ಸೀಳಿತ್ತು. ಟ್ಯೂಬ್ ಕತ್ತರಿಸಿದ ಮೇಲೆ ಅಂಚನ್ನು ಉಜ್ಜಿ ನುಣುಪು ಮಾಡಬೇಕು. ಆ ಒಂದು ತುದಿಯನ್ನು ನಾನು ಮರೆತಿದ್ದೆ, ಹರಿತ ಅಂಚು ರಬ್ಬರನ್ನು ಕೊಯ್ದಿತ್ತು. ನೀರು ಹಾಕಿ ನೋಡಿದ್ದರೆ ಆ ಹನಿ ಬೀಳುತ್ತಿದ್ದದ್ದು ಇಡೀ ಪಿಸಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಮೇಲಕ್ಕೆ. ಅಕ್ಕನಿಗೆ ಈ ಭಾಗ ಇನ್ನೂ ಹೇಳಿಲ್ಲ.

ಅದನ್ನು ಸರಿ ಮಾಡಿ, ಮೀಟರಿನ ಮುಳ್ಳು ಇಳಿಯದೆ ನಿಂತ ಮೇಲೆ ನೀರು. ಮದರ್‌ಬೋರ್ಡ್, ಕಾರ್ಡ್ ಯಾವುದಕ್ಕೂ ಕರೆಂಟ್ ಇಲ್ಲ. ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರಿಗೆ ಜಂಪರ್ (ಬೋರ್ಡ್ ಇಲ್ಲದೆಯೇ ಅದನ್ನು ಆನ್ ಮಾಡುವ ತುಂಡು) ಹಾಕಿ ಪಂಪ್ ಒಂದನ್ನೇ ಓಡಿಸಿದೆ. ಸುತ್ತ ಟಿಶ್ಯೂ ಪೇಪರ್. ಸುಮಾರು ಒಂದು ಲೀಟರ್ ಹಿಡಿಯಿತು. ಕ್ಯಾಬಿನೆಟ್ ಆ ಕಡೆ ಈ ಕಡೆ ವಾಲಿಸಿ ಗಾಳಿ ಬಿಡಿಸಿ, ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಿಗ್ಗೆ ಪೇಪರ್ ಒಣಗೇ ಇತ್ತು.

ಡಿಗ್ರಿ ಲೆಕ್ಕ ಕೇಳುವವರಿಗೆ: ಕೋಣೆ 26 ಇದ್ದಾಗ, ಒಂದು ಗಂಟೆ ಆಟ ಆಡಿದ ಮೇಲೆ ನೀರು 37ರ ಹತ್ತಿರ. ಕಾರ್ಡ್ ಮೂಲ ಕೂಲರಿನಲ್ಲಿ 68 ತೋರಿಸುತ್ತಿತ್ತು, ಈಗ 50. ಪ್ರೊಸೆಸರ್ 64, ಹಿಂದೆಯೂ 70 ದಾಟುತ್ತಿರಲಿಲ್ಲ. ಅಲ್ಲಿ ಹೇಳಿಕೊಳ್ಳುವಂಥ ಲಾಭ ಇಲ್ಲ. ಈ ಪ್ರೊಸೆಸರ್ ಆಟದಲ್ಲಿ ಎಳೆಯುವ ಕರೆಂಟೇ ಕಡಿಮೆ, ಒಳ್ಳೆಯ ಏರ್ ಕೂಲರ್ ಸಾಕು. ಆಟದ ವೇಗವೂ ಕಣ್ಣಿಗೆ ಕಾಣುವಷ್ಟು ಏರಲಿಲ್ಲ. ಯಾವ ಬ್ಲಾಕ್ ಮೊದಲು, ಯಾವುದು ಆಮೇಲೆ ಅಂತಲೂ ತಲೆ ಕೆಡಿಸಿಕೊಳ್ಳಬೇಡಿ. ಗಂಟೆಗೆ 200 ಲೀಟರ್ ಹರಿಯುವಾಗ 400 ವ್ಯಾಟ್ ಬಿಸಿ ಸೇರಿದರೂ ನೀರು ಒಂದು ಸುತ್ತಿನಲ್ಲಿ ಏರುವುದು 2 ಡಿಗ್ರಿಗಿಂತ ಕಡಿಮೆ. ಟ್ಯೂಬ್ ಎಲ್ಲಿ ನೆಟ್ಟಗೆ ಬರುತ್ತದೋ ಹಾಗೆ ಜೋಡಿಸಿ.

ಗೆದ್ದದ್ದು ಸದ್ದಿನಲ್ಲಿ. ಫ್ಯಾನ್‌ಗಳನ್ನು ಪ್ರೊಸೆಸರಿನ ಬಿಸಿಗೆ ಬದಲಾಗಿ ನೀರಿನ ಬಿಸಿಗೆ ಕಟ್ಟಿದ್ದೇನೆ. ಪ್ರೊಸೆಸರ್ ಕ್ಷಣಕ್ಕೊಮ್ಮೆ ಇಪ್ಪತ್ತು ಡಿಗ್ರಿ ಹಾರುತ್ತದೆ, ನೀರು ಹಾಗೆ ಹಾರುವುದಿಲ್ಲ. ಹಾಗಾಗಿ ಫ್ಯಾನ್ ಹೂಂಕರಿಸುವುದು, ಸುಮ್ಮನಾಗುವುದು, ಮತ್ತೆ ಹೂಂಕರಿಸುವುದು ನಿಂತಿತು. ಪಂಪಿನ ವೇಗ ಹೇಳುವ ವೈರ್ ಪ್ರೊಸೆಸರ್ ಫ್ಯಾನಿನ ಜಾಗಕ್ಕೆ ಹಾಕಿದ್ದೇನೆ. ಪಂಪ್ ನಿಂತರೆ ಬೋರ್ಡ್ ಕಿರುಚುತ್ತದೆ. ನೀರು 50 ದಾಟಿದರೆ ಪಿಸಿ ತಾನೇ ಆಫ್. ನನ್ನದರಲ್ಲಿ ಈ ಕೊನೆಯದು ಇಲ್ಲ, ನಾನು ಕಿವಿಯಲ್ಲೇ ಕಂಡುಹಿಡಿಯುತ್ತೇನೆ. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿರುತ್ತಾನೆ.

ನಾಲ್ಕನೇ ತಿಂಗಳು ಫೋನ್ ಬಂತು. "ಚಿಕ್ಕಮ್ಮ, ಒಳಗೆ ಗುಳುಗುಳು ಅಂತಿತ್ತು, ನೀರು ಕಡಿಮೆಯಾಗಿತ್ತು, ನಾನೇ ಹಾಕಿದೆ."

"ಯಾವ ನೀರು?"

"ಫಿಲ್ಟರ್ ನೀರು. ಕುಡಿಯೋದೇ."

ತಪ್ಪು ಅವನದಲ್ಲ. ರೇಡಿಯೇಟರಿನ ಮೂಲೆಯಲ್ಲಿದ್ದ ಗಾಳಿ ನಿಧಾನಕ್ಕೆ ಹೊರಬಂದು ಮಟ್ಟ ಇಳಿಯುವುದು ಮಾಮೂಲು. ನಾನು ಅದನ್ನು ಹೇಳಿರಲಿಲ್ಲ. ಉಳಿದ ಕೂಲಂಟ್ ಬಾಟಲಿ ನನ್ನ ಕಪಾಟಿನಲ್ಲಿತ್ತು. ಕುಡಿಯುವ ನೀರಲ್ಲಿ ಲವಣ ಇರುತ್ತದೆ, ತುಕ್ಕು ಪಾಚಿ ತಡೆಯುವ ಮದ್ದು ಇರುವುದಿಲ್ಲ. ಒಂದು ಲೋಟದಿಂದ ಪ್ರಳಯ ಆಗುವುದಿಲ್ಲ, ಆದರೂ ಬದಲಿಸೋಣ ಅಂತ ಹೋದೆ. ಆಗ ಗೊತ್ತಾಯಿತು ನನ್ನ ಡ್ರೇನ್ ವಾಲ್ವಿನ ಬಂಡವಾಳ. ಎಸ್‌ಎಂಪಿಎಸ್ ಹಿಂದೆ, ನೆಲಕ್ಕೆ ಮುಖ ಮಾಡಿ ಕೂರಿಸಿದ್ದೆ. ನನ್ನ ಪಿಸಿಯಲ್ಲೂ ಅಲ್ಲೇ ಇದೆ, ಕ್ಯಾಬಿನೆಟನ್ನು ಮೇಜಿನ ಅಂಚಿಗೆ ಎಳೆದು, ಒಂದು ಕೈಯಲ್ಲಿ ಹಿಡಿದು ನಾನು ಹೇಗೋ ಮಾಡಿಕೊಳ್ಳುತ್ತೇನೆ. ಹೇಗೋ ಮಾಡಿಕೊಳ್ಳುವ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟಿದ್ದೆ. ಎರಡು ಗಂಟೆ ಕೂತು, ಒಂದು ಎಕ್ಸ್‌ಟೆನ್ಷನ್ ಹಾಕಿ, ವಾಲ್ವನ್ನು ಮುಂದಿನ ಬಾಗಿಲ ಹತ್ತಿರ ತಂದೆ. ರಿಸರ್ವಾಯರ್ ಮೇಲೆ ಟೇಪಿನಲ್ಲಿ ಮಟ್ಟದ ಗೆರೆ ಅಂಟಿಸಿದೆ. ಬಾಟಲಿ ಕೊಟ್ಟೆ. ಬಾಗಿಲ ಒಳಗೆ ಕೈಬರಹದ ಒಂದು ಹಾಳೆ: ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ ಕಿತ್ತಿಡು, ಆಮೇಲೆ ಪೈಪ್.

ಮೊನ್ನೆ ಆರನೇ ತಿಂಗಳಿಗೆ ಅವನೇ ಒಂದು ಲೋಟ ಇಳಿಸಿ, ಬಿಳಿ ಹಾಳೆ ಮುಂದೆ ಇಟ್ಟು ಫೋಟೋ ಕಳಿಸಿದ. ತಿಳಿಯಾಗಿತ್ತು.

ಪಂಪ್, ರೇಡಿಯೇಟರ್, ಫಿಟಿಂಗ್ ಇದೇ ಕಂಪನಿಯದು ಮತ್ತೆ ಕೊಳ್ಳುತ್ತೇನೆ. ಕಾರ್ಡಿನ ಬ್ಲಾಕ್ ಕೊಳ್ಳುವುದಿಲ್ಲ. ಬೇರೆಯವರಿಗೆ ಕಟ್ಟುವುದಾದರೆ ಗಟ್ಟಿ ಟ್ಯೂಬೂ ಬೇಡ, ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬ್ ಸಾಕು. ಫೋಟೋಗೆ ಸಪ್ಪೆ, ಆದರೆ ಏನಾದರೂ ಬದಲಿಸಬೇಕಾದಾಗ ಕತ್ತರಿ ಒಂದಿದ್ದರೆ ನಡೆಯುತ್ತದೆ. ಅವನ ಗೆಳೆಯನೊಬ್ಬ ತನಗೂ ಕಟ್ಟಿಕೊಡಿ ಅಂತ ಕೇಳಿದ್ದಾನೆ. ಮೊದಲು ಇವನ ಮನೆಗೆ ಹೋಗಿ ನೀರು ಇಳಿಸಿ ತುಂಬುವುದನ್ನು ಕಲಿತು ಬಾ ಅಂದಿದ್ದೇನೆ. ಇನ್ನೂ ಬಂದಿಲ್ಲ.